ಬೈಯಬಾರದವನು ಕೆಡಿಸಿದ ಮಷೀನು

"ಮತ್ತೆ ಬಿಡ್ತು," ಎಂದಳು ಅಮ್ಮ.

ಬೆಳಿಗ್ಗೆಯಿಂದ ಅದೇ ಮಾತು. ಅಡುಗೆಮನೆಯ ಮೇಜಿನ ಮೇಲೆ ಹೊಲಿಗೆ ಮಷೀನು, ಅದರ ಕೆಳಗೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಗ್ಗಿದ ಅಮ್ಮನ ಬೆನ್ನು. ನಾಲ್ಕು ಹೊಲಿಗೆ ಸರಿಯಾಗಿ ಬೀಳುತ್ತಿತ್ತು, ಆಮೇಲೆ ದಾರ ಬಟ್ಟೆಯ ಮೇಲೆ ಸುಮ್ಮನೆ ಉದ್ದಕ್ಕೆ ಮಲಗುತ್ತಿತ್ತು. ಮತ್ತೆ ಎರಡು ಹೊಲಿಗೆ, ಮತ್ತೆ ಖಾಲಿ.

"ದಾರ ಹಳೇದು," ಎಂದಳು.

"ಹೊಸ ಉಂಡೆ ಅಮ್ಮ. ಮೊನ್ನೆ ನಾನೇ ತಂದಿದ್ದು."

"ಹಾಗಾದ್ರೆ ಸೂಜಿ ಮೊಂಡು."

"ನಿನ್ನೆ ತಾನೇ ಬದಲಾಯಿಸಿದೀಯ."

ಅಮ್ಮ ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚುತ್ತಾ, ನನ್ನ ಮುಖ ನೋಡದೆ, "ಹಾಗಾದ್ರೆ ಉಳಿದಿದ್ದು ನನ್ನ ಕೈ," ಎಂದಳು.

ಅವಳು ಹೊಲಿಯುತ್ತಿದ್ದದ್ದು ನನ್ನ ಮಗಳು ಅರ್ನಾಕ್‌ಗೆ ಅಮಾವುತಿ. ಬೆನ್ನಿನ ಚೀಲದಲ್ಲಿ ಮಗುವನ್ನು ಕೂರಿಸಿಕೊಂಡು, ಒಂದೇ ದೊಡ್ಡ ಟೊಪ್ಪಿಗೆಯಲ್ಲಿ ತಾಯಿ ಮಗು ಇಬ್ಬರ ತಲೆಯನ್ನೂ ಮುಚ್ಚುವ ಕೋಟು. ನಮ್ಮೂರಲ್ಲಿ ಹೆರಿಗೆ ಮಾಡಿಸುವವರಿಲ್ಲ. ದಿನ ತುಂಬುವ ಮೊದಲೇ ಬಸುರಿಯನ್ನು ವಿಮಾನ ಹತ್ತಿಸಿ ಆಸ್ಪತ್ರೆಯಿರುವ ಇಕಾಲುಯಿತ್‌ಗೆ ಕಳಿಸುತ್ತಾರೆ. ಅಲ್ಲಿ ಕಾದು, ಹೆತ್ತು, ಮಗುವಿನೊಂದಿಗೆ ವಾಪಸು ಬರಬೇಕು. ಅರ್ನಾಕ್ ಹೊರಡುವುದು ಮುಂದಿನ ವಾರ. ಬರುವುದು ಚಳಿಗಾಲದ ಕೆಟ್ಟ ತಿಂಗಳಿನಲ್ಲಿ. ವಿಮಾನದ ಮೆಟ್ಟಿಲಿಂದ ಇಳಿಯುವಾಗ ಬೀಸುವ ಗಾಳಿಗೆ ದೊಡ್ಡವರ ಕೆನ್ನೆಯೇ ಬೆಳ್ಳಗಾಗುತ್ತದೆ. ನನಗೆ ಇಬ್ಬರು ಮಕ್ಕಳಾದಾಗಲೂ ಅಮ್ಮನ ಕೋಟು ಸಿದ್ಧವಿತ್ತು. ಈ ಮನೆಯಲ್ಲಿ ಯಾವ ಮಗುವೂ ಅಂಗಡಿಯ ಕಂಬಳಿ ಸುತ್ತಿಕೊಂಡು ಮನೆಗೆ ಬಂದಿಲ್ಲ.

ಮಷೀನು ಕಬ್ಬಿಣದ್ದು, ಹಳೆಯದು. ನನ್ನ ಅಪ್ಪ ಬದುಕಿದ್ದಾಗ ಬೇಸಿಗೆಯ ಹಡಗಿನಲ್ಲಿ ತರಿಸಿಕೊಟ್ಟದ್ದು. ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ. ಆದ್ದರಿಂದ ಅಮ್ಮ ಅದನ್ನು ಅನುಮಾನಿಸಲಿಲ್ಲ, ತನ್ನನ್ನೇ ಅನುಮಾನಿಸಿಕೊಂಡಳು.

ಆ ಸಂಜೆ ನನ್ನ ಗಂಡ ಜುವಾವಿ ನೀರಿನ ಲಾರಿ ನಿಲ್ಲಿಸಿ ಬಂದಾಗ ನೆಲದ ಮೇಲೆ ರಟ್ಟು ಹಾಸಿ ಹೆಪ್ಪುಗಟ್ಟಿದ ಹಸಿ ಮೀನು ಇಟ್ಟಿದ್ದೆ. ಎಲ್ಲರೂ ಸುತ್ತ ಕೂತೆವು. ಅಮ್ಮ ತನ್ನ ಅರ್ಧಚಂದ್ರದ ಕತ್ತಿಯಿಂದ ಮೀನಿನ ಹೊಟ್ಟೆಯ ಕೊಬ್ಬಿದ ಭಾಗ ಕೊಯ್ದು, ಎಂದಿನಂತೆ ಮೊದಲ ತುಂಡನ್ನು ನನ್ನ ಮಗನ ಮುಂದಿಟ್ಟಳು.

"ತಗೋ ಅಪ್ಪ."

"ಕೊಡು ಮಗಳೇ," ಎಂದ ಅವನು, ತಲೆ ಎತ್ತದೆ.

ನನ್ನ ಮಗ ಅಕ್ಸಾಯುಕ್‌ಗೆ ಇಪ್ಪತ್ತೆರಡು ವರ್ಷ. ಅಮ್ಮನ ಅಪ್ಪನ ಹೆಸರು ಅವನಿಗೆ. ಅಮ್ಮನ ಅವ್ವನ ಹೆಸರು ಅರ್ನಾಕ್‌ಗೆ. ಹೆಸರಿನ ಜೊತೆ ಸತ್ತವರೇ ಮನೆಗೆ ಬರುತ್ತಾರೆ ಎಂಬುದು ನಮ್ಮವರ ನಂಬಿಕೆ. ಹಾಗಾಗಿ ಅಮ್ಮನಿಗೆ ಮೊಮ್ಮಗ ಅಪ್ಪ, ಮೊಮ್ಮಗಳು ಅವ್ವ. ನನಗೆ ನನ್ನ ಮಕ್ಕಳೇ ಅಜ್ಜ, ಅಜ್ಜಿ. ಹೆಸರು ಹಿಡಿದು ಕರೆಯುವುದು ಒರಟುತನ. ಬೈಯುವುದಂತೂ ಇಲ್ಲವೇ ಇಲ್ಲ. ಅಪ್ಪನನ್ನು ಯಾರು ಬೈಯುತ್ತಾರೆ? ಅವನು ತೊಟ್ಟಿಲಲ್ಲಿದ್ದಾಗಿನಿಂದ ಅಮ್ಮ ಅವನೆದುರು ದನಿ ಎತ್ತಿದ್ದಿಲ್ಲ, ನನ್ನನ್ನೂ ಎತ್ತಗೊಟ್ಟಿದ್ದಿಲ್ಲ. ಎಷ್ಟೋ ಮಾತು ನನ್ನ ಗಂಟಲಿನಿಂದ ಹಾಗೇ ಕೆಳಗಿಳಿದು ಹೊಟ್ಟೆಯಲ್ಲಿ ಕೂತಿವೆ.

"ಏನ್ರೀ ಯಜಮಾನ್ರೇ," ಅರ್ನಾಕ್ ಅಣ್ಣನನ್ನು ಕೆಣಕಿದಳು. ಹೆಸರಿನ ಲೆಕ್ಕದಲ್ಲಿ ಇಬ್ಬರೂ ಗಂಡ ಹೆಂಡತಿ. ಚಿಕ್ಕಂದಿನಿಂದ ಅದೇ ತಮಾಷೆ. "ಹೆಂಡ್ತಿ ತುಂಬಿದ ಬಸುರಿ, ನೀವು ಒಬ್ರೇ ಕೊಬ್ಬು ತಿಂತೀರಾ?"

"ಮಗು ನನ್ನದಲ್ಲ ಮುದುಕಿ. ಅದರಪ್ಪನ್ನ ಕೇಳು."

"ಅವನು ಗಣಿ ಕೆಲ್ಸಕ್ಕೆ ಹೋಗಿ ಕೂತಿದಾನಲ್ಲ. ಹತ್ತಿರ ಇರೋ ಗಂಡನ್ನ ತಾನೇ ಕೇಳ್ಬೇಕು."

ಜುವಾವಿ ನಕ್ಕ. ಅಮ್ಮನೂ ನಗಬೇಕಾಗಿತ್ತು. ಅವಳು ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು. "ಇವತ್ತು ಟೊಪ್ಪಿಗೆಯ ಅಂಚೂ ಬಿಟ್ಕೊಂಡಿದೆ," ಎಂದಳು. "ಬಟ್ಟೆ ಎಲ್ಲಾ ತೂತು. ಇನ್ನೊಂದ್ಸಲ ಬಿಚ್ಚಿದ್ರೆ ಗಾಳಿ ಒಳಗೆ ನುಗ್ಗತ್ತೆ."

"ಪಕ್ಕದ ಮನೇಲಿ ಮಷೀನಿದೆಯಲ್ಲ ಅಮ್ಮ. ಅಲ್ಲಿ ಹೊಲಿ."

"ಹೋಗಿ, ಉಲಾಯುಕ್ ಕೈ ಕೆಟ್ಟಿದೆ ನೋಡ್ಬನ್ನಿ ಅಂತ ಊರಿಗೆಲ್ಲಾ ತೋರಿಸ್ಲಾ?" ಎಂದಳು ಅಮ್ಮ, ತನ್ನ ಹೆಸರನ್ನು ತಾನೇ ಹೇಳಿ.

ಅಕ್ಸಾಯುಕ್ ಮೀನು ಅಗಿಯುವುದನ್ನು ನಿಲ್ಲಿಸಿದ. ಏನೋ ಹೇಳುತ್ತಾನೆ ಎಂದುಕೊಂಡೆ. ಚಹಾ ಕೇಳಿದ. ಎದ್ದು ಹೋಗಿ ತಂದುಕೊಟ್ಟೆ.

ಅರ್ನಾಕ್ ಹೊರಡುವ ದಿನ ಅಮ್ಮ ಕೋಣೆಯಿಂದ ಒಂದು ಪುಟ್ಟ ಚೀಲ ತಂದಳು. ಒಳಗಿದ್ದದ್ದು ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಹಿತ್ತಾಳೆಯ ಅಂಗುಸ್ತಾನ. ನನಗೆ ನೆನಪಿರುವಷ್ಟು ಕಾಲದಿಂದ ಅದು ಅಮ್ಮನ ನಡುಬೆರಳಿನಲ್ಲೇ ಇತ್ತು. ಅದಿಲ್ಲದ ಆ ಬೆರಳು ಸಿಪ್ಪೆ ಸುಲಿದಂತೆ ಕಾಣುತ್ತಿತ್ತು. ಅವಳ ಅವ್ವ ಸಾಯುವ ಮುಂಚೆ ಕೊಟ್ಟದ್ದು ಅದು.

"ಇದು ನಿಂದೇ ಅವ್ವ," ಎಂದು ಮೊಮ್ಮಗಳ ಕೈಯಲ್ಲಿಟ್ಟಳು. "ನನ್ನ ಹೊಲಿಗೆ ಮುಗೀತು."

"ಏನ್ ಮಾತಾಡ್ತೀಯ ಮಗಳೇ!" ಅರ್ನಾಕ್ ಕಣ್ಣು ತುಂಬಿಕೊಂಡಳು. "ಕೋಟು?"

"ನಿಮ್ಮಮ್ಮ ಅಂಗಡಿಯಿಂದ ಕಂಬಳಿ ತರ್ತಾಳೆ."

ಬಾಗಿಲ ಬಳಿ ಅಕ್ಸಾಯುಕ್ ಬೂಟು ಹಾಕಿಕೊಳ್ಳುತ್ತಿದ್ದ. ಒಂದೇ ಬೂಟಿನ ಲಾಡಿಯನ್ನು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ತಂಗಿಯನ್ನು ವಿಮಾನದ ಹೊತ್ತಿಗೆ ಬಿಟ್ಟುಬರಲು ಅವನೇ ಹೋಗಬೇಕಿತ್ತು, ಹೋದ.

ಆಮೇಲಿನ ದಿನಗಳಲ್ಲಿ ಮೇಜಿನ ಮೇಲೆ ಮಷೀನು ಮುಚ್ಚಿಕೊಂಡು ಕೂತಿತು. ಅಮ್ಮ ಕಿಟಕಿಯ ಬಳಿ ಕೂತಳು. ಮಧ್ಯಾಹ್ನ ಗುಡ್ಡದ ಅಂಚಿನಲ್ಲಿ ಸೂರ್ಯ ಮುಖ ತೋರಿಸಿ ಹೋಗುತ್ತಿದ್ದ. ಅಷ್ಟೇ ಹೊತ್ತು ಅವಳ ಮುಖದ ಮೇಲೂ ಬೆಳಕು. "ಕೈಯಲ್ಲೇ ಹೊಲಿ ಅಮ್ಮ, ಚರ್ಮ ಹೊಲಿಯಲ್ವಾ," ಎಂದರೆ, "ಯಾವ ಕೈಯಲ್ಲಿ?" ಎನ್ನುತ್ತಿದ್ದಳು. ಬಾಣಲೆಯಲ್ಲಿ ರೊಟ್ಟಿ ತಿರುವುವಾಗಲೂ, "ನೀನೇ ತಿರುವು ಮಿಯಾಲಿ, ನಾನು ಬೀಳಿಸ್ತೀನಿ," ಎಂದು ಹಿಂದೆ ಸರಿಯತೊಡಗಿದಳು. ಶಾಲೆಯ ಅಡುಗೆ ಮುಗಿಸಿ ಬಂದು ಮನೆಯ ಅಡುಗೆಗೆ ನಿಲ್ಲುವ ನನಗೆ ಅದು ಒಂದು ಕೆಲಸ ಹೆಚ್ಚಾದದ್ದಲ್ಲ, ಮನೆಯ ಒಂದು ಕಂಬ ಬಾಗಿದ ಹಾಗೆ.

ಒಂದು ದಿನ ಗಾಳಿ ಜೋರಾಗಿತ್ತು. ಶಾಲೆಗೆ ಬಿಡು ಎಂದು, ಹಿಮದ ಮೇಲೆ ಓಡುವ ಮಗನ ಸ್ನೋಮೊಬೈಲಿನ ಹಿಂದಿನ ಸೀಟಿನಲ್ಲಿ ಕೂತೆ. ಕೂತದ್ದೇ ತಡ, ತೊಡೆಗೆ ಚುಚ್ಚಿತು. ಕೂಗಿ ಎದ್ದೆ. ದಪ್ಪ ಪ್ಯಾಂಟನ್ನೂ ತೂರಿ ಬಂದಿತ್ತು. ಕೈಗವಸು ಬಿಚ್ಚಿ ಸೀಟು ತಡವಿದೆ. ಕಪ್ಪು ರೆಕ್ಸಿನ್ನು ಹೊಸದು. ಹಳೆಯ ಸೀಟು ಹರಿದು ಸ್ಪಂಜಿನೊಳಗೆ ಹಿಮ ಸೇರುತ್ತಿತ್ತು, ಅವನೇ ಹೊದಿಸಿಕೊಂಡಿದ್ದಾನೆ ಎಂದು ಗೊತ್ತಿತ್ತು. ಮೂಲೆಯಲ್ಲಿ ರೆಕ್ಸಿನ್ನು ಮೂರು ಪದರವಾಗಿ ಮಡಿಸಿದ ಕಡೆ ಮುರಿದ ಸೂಜಿಯ ತುದಿ ನಿಂತಿತ್ತು. ಸುತ್ತ ಅಮ್ಮನ ದಪ್ಪ ನೀಲಿ ದಾರ.

"ಇಳಿ," ಎಂದೆ.

"ಏನಾಯ್ತಮ್ಮ?"

"ಇಳಿಯೋ. ಒಳಗೆ ನಡಿ."

ಅಡುಗೆಮನೆಯಲ್ಲಿ ಜುವಾವಿ ಚಹಾ ಕುಡಿಯುತ್ತಿದ್ದ, ಅಮ್ಮ ಕಿಟಕಿಯ ಬಳಿ. ಸೂಜಿಯ ತುದಿಯನ್ನು ಮೇಜಿನ ಮೇಲೆ ಹಾಕಿದೆ. ಟಿಣ್ ಎಂದಿತು.

"ಯಾವಾಗ ಹೊಲಿದೆ?"

ಅವನು ಸೂಜಿಯನ್ನೇ ನೋಡಿದ. "ಅಜ್ಜಿ... ಮಗಳು ಚರ್ಚಿಗೆ ಹೋಗಿದ್ಲು."

"ಸೂಜಿ ಮುರೀತು, ಮಷೀನು ಕೆಡ್ತು. ಹೊಸ ಸೂಜಿ ಹಾಕಿ, ಮುಚ್ಚಿ, ಸುಮ್ನೆ ಎದ್ದು ಬಂದೆ. ಅಲ್ವಾ?"

"ಕೆಡ್ತು ಅಂತ ಗೊತ್ತಿರ್ಲಿಲ್ಲ. ಏನೋ ಒಂದು ಸದ್ದು ಬಂತು ಅಷ್ಟೇ."

"ಆಮೇಲೆ ಗೊತ್ತಾಯ್ತಲ್ಲ! ಅವಳು ದಿನಾ ಕೂತು ಬಿಚ್ತಿದ್ಲಲ್ಲ! ನನ್ನ ಕೈ ಹೋಯ್ತು, ನನ್ನ ಕೈ ಹೋಯ್ತು ಅಂತ ಅಳ್ತಿದ್ರೆ ನೀನು ಮೀನಿನ ಕೊಬ್ಬು ಅಗೀತಿದ್ದೆ! ಅಕ್ಸಾಯುಕ್!"

ಹೆಸರು ಹಿಡಿದು ಕರೆದಿದ್ದೆ. ಜುವಾವಿಯ ಲೋಟ ಬಾಯಿಯ ಬಳಿಯೇ ನಿಂತಿತು.

"ಮಿಯಾಲಿ," ಎಂದಳು ಅಮ್ಮ, ಮೆಲ್ಲಗೆ. "ನನ್ನಪ್ಪನ ಮೇಲೆ ಕೂಗ್ಬೇಡ."

"ಕೂಗ್ತೀನಿ! ನಿನ್ನಪ್ಪ ಆಗಿದ್ರೆ ಆವತ್ತೇ ಹೇಳ್ತಿದ್ದ. ಇವನು ನನ್ನ ಮಗ. ನಾನು ಹೆತ್ತಿದ್ದು. ಇಪ್ಪತ್ತೆರಡು ವರ್ಷ ಅಜ್ಜ ಅಜ್ಜ ಅಂತ ಬಾಯಿ ಮುಚ್ಕೊಂಡಿದೀನಿ, ಸಾಕು!"

"ಮಗ ಅಂತ ಇವತ್ತು ನೆನಪಾಯ್ತಾ?" ಅಕ್ಸಾಯುಕ್ ತಿರುಗಿದ. ಅವನ ದನಿಯೂ ಏರಿತ್ತು. "ನಾನು ಹುಟ್ಟಿದಾಗಿಂದ್ಲೂ ಈ ಮನೇಲಿ ಮುದುಕ! ಚಿಕ್ಕವನಿದ್ದಾಗ ಲೋಟ ಒಡೆದ್ರೆ, ಪರ್ವಾಗಿಲ್ಲ ಅಪ್ಪ. ಕೋವಿ ಮಂಜುಗಡ್ಡೆ ಬಿರುಕಲ್ಲಿ ಬೀಳಿಸಿದ್ರೆ, ಪರ್ವಾಗಿಲ್ಲ ಅಪ್ಪ. ಬೈಯೋರಿಗಾದ್ರೆ ತಪ್ಪಾಯ್ತು ಅನ್ನಬಹುದು. ಕಾಲಿಗೆ ಬೀಳೋರ ಹತ್ರ ಏನಂತ ಹೇಳ್ಲಿ? ಒಂದು ಸಲ, ಒಂದೇ ಒಂದು ಸಲ ಯಾರಾದ್ರೂ ಎರಡು ಏಟು ಹಾಕಿದ್ರೆ ಆವತ್ತೇ ಹೇಳ್ತಿದ್ದೆ!"

"ಹಾಗಾದ್ರೆ ತಪ್ಪು ನಮ್ದಾ?"

"ನಂದೇ! ನಂದೇ ಅಂತ ತಾನೇ ಹೇಳ್ತಿರೋದು!"

ಬಾಗಿಲು ಬಡಿದುಕೊಂಡು ಹೋದ. ಆ ದಿನ ಶಾಲೆಗೆ ನಡೆದೇ ಹೋದೆ. ಕೆನ್ನೆ ಸುಟ್ಟಂತಾಯಿತು, ಗಾಳಿಗೋ ಸಿಟ್ಟಿಗೋ ತಿಳಿಯಲಿಲ್ಲ.

ಅಮ್ಮ ಬೈಯಲಿಲ್ಲ. ಕೈ ಕೆಟ್ಟಿರಲಿಲ್ಲ ಎಂದು ಗೊತ್ತಾದ ಮೇಲಾದರೂ ಎದ್ದು ಕೂರುತ್ತಾಳೆ ಎಂದುಕೊಂಡಿದ್ದೆ, ಅದೂ ಇಲ್ಲ. "ಮಷೀನು ಕೆಟ್ಟಿದ್ದು ನನ್ನ ಕಿವಿಗೇ ಗೊತ್ತಾಗ್ಲಿಲ್ಲವಲ್ಲ," ಎಂದಳು. "ಅಪ್ಪ ಕೆಡಿಸಿದ. ಗೊತ್ತಾಗದೆ ಇದ್ದಿದ್ದು ನಾನು." ನನ್ನ ಮಗನನ್ನು ಕಾಯಲು ತನ್ನನ್ನೇ ಮುಂದಿಟ್ಟುಕೊಳ್ಳುವ ಆ ಮಾತಿಗೆ ನನಗೆ ಅವಳ ಮೇಲೂ ಕೋಪ ಬಂತು.

ಆದರೆ ರಾತ್ರಿಯ ಊಟಕ್ಕೆ ಎಲ್ಲರೂ ರಟ್ಟಿನ ಸುತ್ತ ಕೂತಾಗ ಅಮ್ಮ ಸೀಲ್‌ನ ಈಲಿಯ ಮೊದಲ ತುಂಡನ್ನು ಕೊಯ್ದು, ಕತ್ತಿಯ ಮೇಲೆ ಎತ್ತಿ, ಅಕ್ಸಾಯುಕ್‌ನ ಮುಂದಿಂದ ದಾಟಿಸಿ ನನ್ನ ಮುಂದಿಟ್ಟಳು. ಎರಡನೆಯದು ಜುವಾವಿಗೆ. ಮೂರನೆಯದು ಅವನಿಗೆ. "ತಗೋ ಅಪ್ಪ," ಎಂದಳು, ಎಂದಿನ ದನಿಯಲ್ಲೇ.

ಅವನು ತುಂಡನ್ನು ನೋಡುತ್ತಾ ಕೂತ. ತಿನ್ನದೆ ಎದ್ದು, ಕೈ ತೊಳೆದು, ಮಷೀನಿನ ಮುಚ್ಚಳ ತೆಗೆದ.

ತೆಗೆದ ಮಾತ್ರಕ್ಕೆ ಸರಿಹೋದೀತೆ? ದಕ್ಷಿಣದ ದೊಡ್ಡ ಊರುಗಳಿಗೆ ರಿಪೇರಿಗೆ ಕಳಿಸಿದರೆ ಬರುವಷ್ಟರಲ್ಲಿ ಮಗು ನಡೆಯುತ್ತಿರುತ್ತದೆ. ಊರಲ್ಲಿ ರಿಪೇರಿಯವರಿಲ್ಲ. ಅವನು ಸ್ನೋಮೊಬೈಲಿನ ಎಂಜಿನನ್ನು ಬಿಚ್ಚಿ ಜೋಡಿಸುವವನು. ಅದೇ ಧೈರ್ಯದ ಮೇಲೆ ಮಷೀನನ್ನು ಮಗ್ಗುಲಿಗೆ ಮಲಗಿಸಿ, ಕೆಳಗೆ ದಾರ ಹಿಡಿಯುವ ಕೊಕ್ಕೆಯ ತಿರುಪು ಸಡಿಲಿಸಿ, ಅಂದಾಜಿನ ಮೇಲೆ ತಿರುಗಿಸಿ ಬಿಗಿದ. ಮೋಟರು ಹಾಕಿದ. ಸೂಜಿ ಕಬ್ಬಿಣಕ್ಕೆ ಬಡಿದು ಎರಡು ತುಂಡಾಗಿ ಕಿಟಕಿಗೆ ಹಾರಿತು.

"ಭೇಷ್," ಎಂದ ಜುವಾವಿ. "ಇನ್ನು ಕಿಟಕಿಗೂ ಒಂದು ಹೊಲಿಗೆ ಹಾಕ್ಬಿಡು."

"ಅಪ್ಪಾ, ಸುಮ್ನಿರು."

ಅದು ಮನೆಯಲ್ಲಿದ್ದ ಕೊನೆಯ ದಪ್ಪ ಸೂಜಿ. ಅಂಗಡಿಯಲ್ಲಿ ತೆಳ್ಳನೆಯವು ಮಾತ್ರ ಇದ್ದವು. ಇಕಾಲುಯಿತ್‌ನಿಂದ ಬರುವವರ ಕೈಯಲ್ಲಿ ತರಿಸಬೇಕು, ಅಲ್ಲಿ ಇರುವವಳು ಅರ್ನಾಕ್.

"ನೀನೇ ಫೋನ್ ಮಾಡು," ಎಂದೆ ಮಗನಿಗೆ. "ನಾನು ಮಾಡಲ್ಲ."

ಮೇಜಿನ ಮೇಲೆ ಫೋನಿಟ್ಟು ಎಲ್ಲರಿಗೂ ಕೇಳುವಂತೆ ಹಾಕಿದ. ತಪ್ಪಿಸಿಕೊಳ್ಳಲಿಲ್ಲ ಎನ್ನುವುದನ್ನು ಒಪ್ಪಬೇಕು.

"ಏನ್ರೀ, ಬದುಕಿದ್ದೀರಾ?" ಅರ್ನಾಕ್‌ಳ ನಗು ಅಡುಗೆಮನೆ ತುಂಬಿತು. "ಹೆಂಡ್ತಿ ನೆನಪು ಈಗ ಬಂತಾ?"

"ಸೂಜಿ ಬೇಕು. ಮಷೀನಿಂದು. ದಪ್ಪದ್ದು."

"ಯಾಕೆ? ಮಗಳು ಮತ್ತೆ ಹೊಲೀತಿದಾಳಾ?"

ಅವನು ಹೇಳಿದ. ಸೀಟು, ರೆಕ್ಸಿನ್ನು, ಚರ್ಚಿನ ಹೊತ್ತು, ಎಲ್ಲ. ಕರೆ ಕಡಿಯಿತೇನೋ ಎಂದು ಅವನು ಬಗ್ಗಿದ.

"ಅವಳು ಅಂಗುಸ್ತಾನ ತೆಗೆದು ನನ್ನ ಕೈಗೆ ಕೊಟ್ಟಾಗ," ಎಂದಳು ಅರ್ನಾಕ್, ತಮಾಷೆಯ ದನಿ ಹೋಗಿತ್ತು, "ನೀನು ಬಾಗಿಲ ಹತ್ರ ಬೂಟ್ ಹಾಕ್ಕೋತಿದ್ದೆ. ನೋಡಿದೆ ತಾನೇ?"

"ನೋಡಿದೆ."

"ವಿಮಾನದವರೆಗೂ ಆ ಸೀಟಿನ ಮೇಲೇ ನನ್ನ ಕೂರಿಸ್ಕೊಂಡು ಹೋದೆ. ದಾರಿ ಪೂರ್ತಿ ನಾನು ಅಳ್ತಾ ಇದ್ದೆ. ನಿನ್ನ ಬೆನ್ನಿಗೆ ಮುಖ ಇಟ್ಕೊಂಡು ಅಳ್ತಾ ಇದ್ದೆ ಕಣೋ! ಆಗ್ಲೂ ನೀನು ಬಾಯಿ ಬಿಡ್ಲಿಲ್ಲ! ನಾಚಿಕೆ ಆಗಲ್ವಾ ನಿಂಗೆ? ಅಷ್ಟು ದೊಡ್ಡವರ ಹೆಸರು ಹೊತ್ಕೊಂಡು ಕಳ್ಳನ ಹಾಗೆ ಓಡಾಡ್ತೀಯ! ಬರೋದಂತೂ ಬರ್ತೀನಿ, ಬಂದ ಮೇಲೆ ಆ ಸೀಟು ನಿನ್ನ ತಲೆ ಮೇಲೆ ಇಟ್ಟು ಊರೆಲ್ಲಾ ಮೆರವಣಿಗೆ ಮಾಡಿಸ್ತೀನಿ! ಸೂಜಿ ಕಳಿಸ್ತೀನಿ. ನಾನು ವಿಮಾನದಿಂದ ಇಳಿಯೋವಾಗ ಕೋಟು ಇರ್ಬೇಕು. ಇಲ್ದಿದ್ರೆ ಆ ಮನೆಗೆ ಬರಲ್ಲ, ತಿಳ್ಕೋ!"

ಫೋನು ಇಟ್ಟಳು. ಅಕ್ಸಾಯುಕ್‌ನ ಮುಖ ಕೆಂಪಗಾಗಿತ್ತು. ನನಗೆ ಅವನನ್ನು ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿದುಕೊಳ್ಳಲಿಲ್ಲ.

ಕಿಟಕಿಯ ಬಳಿಯಿಂದ ಏನೋ ಸದ್ದು. ಅಮ್ಮ ನಗುತ್ತಿದ್ದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

"ಹೀಗೇ ಬೈತಿದ್ಲು," ಎಂದಳು. "ನಮ್ಮವ್ವ. ಅಪ್ಪ ನಾಯಿಗಳಿಗೆ ತಿನ್ನೋಕೆ ಹಾಕದೆ ಬಂದಾಗೆಲ್ಲ ಹೀಗೇ. ಬಂಡೆ ಹಿಂದೆ ಹೋಗಿ ಕೂತ್ಕೊಂಡ್ಬಿಡೋನು ಪಾಪ." ಮೂಗು ಒರೆಸಿಕೊಂಡು ಮೊಮ್ಮಗನನ್ನು ನೋಡಿದಳು. "ಅಪ್ಪನ್ನ ಬೈಯೋಕೆ ನನಗೆ ಬಾಯಿಲ್ಲ. ಅವ್ವನಿಗಿದೆ."

"ಹೂಂ," ಎಂದ ಅವನು. "ಈಗ ಪರ್ವಾಗಿಲ್ಲ." ಹೊರೆ ಇಳಿಸಿದವನ ಹಾಗೆ ಕಂಡ.

ಸೂಜಿಯ ಪೊಟ್ಟಣ ಮುಂದಿನ ವಿಮಾನದಲ್ಲಿ ಪಾದ್ರಿಯ ಹೆಂಡತಿಯ ಕೈಚೀಲದಲ್ಲಿ ಬಂತು. ಈ ಸಲ ಅವನು ಮೋಟರಿನ ತಂತಿ ಕಿತ್ತು ಪಕ್ಕಕ್ಕಿಟ್ಟ. ಸೂಜಿಯ ತಟ್ಟೆ, ಬಾಬಿನ್ ಎಲ್ಲ ಬಿಚ್ಚಿದ. ನಾನು ಟಾರ್ಚು ಹಿಡಿದೆ.

"ಚಕ್ರ ತಿರುಗಿಸು ಮಗಳೇ," ಎಂದ ಅಮ್ಮನಿಗೆ. "ಮೆಲ್ಲಗೆ. ನಿನ್ನ ಕಡೆಗೆ."

"ನನಗೆ ಬೇಡ. ನೀನೇ ತಿರುಗಿಸ್ಕೋ."

"ನನಗೆ ಎರಡೇ ಕೈ. ಒಂದು ಕೊಕ್ಕೆ ಹಿಡೀಬೇಕು, ಒಂದು ತಿರುಪು ಬಿಗೀಬೇಕು. ಬಾ."

ಅಮ್ಮ ಬಂದು ಕೂತಳು. ಸೂಜಿ ಇಳಿಯಿತು.

"ನೋಡು, ಇದು ತಳ ಮುಟ್ಟಿ ಒಂದು ಚೂರು ಮೇಲೆ ಎದ್ದಾಗ ದಾರ ಹಿಂದುಗಡೆ ಕುಣಿಕೆ ಆಗತ್ತೆ. ಆಗ್ಲೇ ಈ ಕೊಕ್ಕೆ ಬಂದು ಕುಣಿಕೆಗೆ ನುಗ್ಗಬೇಕು, ಸೂಜಿ ಕಣ್ಣಿಗಿಂತ ಸ್ವಲ್ಪ ಮೇಲೆ. ಇದು ಈಗ ತಡ. ಇದು ಬರೋ ಹೊತ್ತಿಗೆ ಕುಣಿಕೆ ಹೋಗಿರತ್ತೆ."

"ಎಲ್ಲಾ ಮುಗಿದ ಮೇಲೆ ಬಾಯಿ ಬಿಡೋರ ಹಾಗೆ," ಎಂದೆ.

"ಅಮ್ಮಾ, ಟಾರ್ಚು ನೆಟ್ಟಗೆ ಹಿಡಿ."

ಹಿಡಿದೆ. ಅವನು ತಿರುಪು ಸಡಿಲಿಸಿ ಕೊಕ್ಕೆಯನ್ನು ಬೆರಳಲ್ಲಿ ತಡೆದಿಟ್ಟ. ಅಮ್ಮ ಚಕ್ರ ತಿರುಗಿಸಿದಳು. ಅವಳ ಬಲಗೈ ಚಕ್ರದ ಮೇಲೆ, ಎಡಗೈಯ ಬೆರಳು ಸೂಜಿ ಏರಿಳಿಯುವ ಕಂಬಿಯ ಮೇಲೆ. ಒಂದು ಕಡೆ ಅವಳ ಕೈ ತಾನಾಗಿ ನಿಂತಿತು. ಅವನು ಬಗ್ಗಿ ನೋಡಿ, "ಇನ್ನೂ ಬೇಕು," ಎಂದ.

"ಬೇಡ. ಇಲ್ಲೇ."

"ಇನ್ನು ಒಂದು ಕೂದಲೆಳೆ..."

"ನಾನು ಹೇಳ್ತಿದೀನಿ ಇಲ್ಲೇ ಅಂತ!" ಅಮ್ಮನ ದನಿ ಚಾವಣಿಗೆ ಬಡಿಯಿತು. "ನನ್ನ ಬೆರಳಿಗೆ ಗೊತ್ತಿಲ್ವಾ? ಬಿಗಿ!"

ಜುವಾವಿ ನನ್ನನ್ನು ನೋಡಿದ. ನಾನು ಟಾರ್ಚನ್ನು ಅಲುಗಿಸಲಿಲ್ಲ. ಅಕ್ಸಾಯುಕ್ ಬಿಗಿದ. ಅವನ ಬಾಯ ಮೂಲೆಯಲ್ಲಿ ನಗು ಇತ್ತು, ನನಗೆ ಕಂಡಿತು.

ಹರಕು ಬಟ್ಟೆಯ ಮೇಲೆ ಮೊದಲು ಕೈಯಿಂದ, ಆಮೇಲೆ ಮೋಟರು ಹಾಕಿ ಓಡಿಸಿದಳು. ಆ ತುದಿಯವರೆಗೂ ಒಂದೂ ಬಿಡಲಿಲ್ಲ. ದಪ್ಪ ಬಟ್ಟೆ ಎರಡು ಪದರ ಇಟ್ಟಳು, ಮೂರು ಇಟ್ಟಳು. ಬಿಡಲಿಲ್ಲ. ತೂತು ಬಿದ್ದ ಟೊಪ್ಪಿಗೆಯನ್ನು ಬದಿಗೆಸೆದು, ಹೊಸ ಬಟ್ಟೆ ಹರಡಿ ಕತ್ತರಿಸತೊಡಗಿದಳು. ಹಳೆಯ ಹೊಲಿಗೆಗಳನ್ನೆಲ್ಲ ಬಿಚ್ಚುವ ಕೆಲಸ ಅಕ್ಸಾಯುಕ್‌ನದು. ಎರಡು ವಾರ ಅವನು ಬೇಟೆಗೆ ಹೋಗಿ ಬಂದ ಕೈಯಲ್ಲೇ ದಾರ ಕೀಳುತ್ತಾ ಕೂತ. ಆ ಹದಿನಾಲ್ಕು ದಿನವೂ ಮೊದಲ ತುಂಡು ನನಗೇ ಬಂತು. ಕೋಪ ಪೂರ್ತಿ ಇಳಿದಿರಲಿಲ್ಲ, ಆದರೂ ತಿಂದೆ. ರುಚಿಯಾಗಿತ್ತು.

ಅಂಗುಸ್ತಾನವಿಲ್ಲದೆ ಟೊಪ್ಪಿಗೆಯ ಅಂಚಿಗೆ ತುಪ್ಪಳ ಹೊಲಿಯುವಾಗ ಅಮ್ಮನ ನಡುಬೆರಳಿಗೆ ಸೂಜಿ ಚುಚ್ಚಿ, ರಕ್ತ ಬಂದು ಗಂಟು ಕಟ್ಟಿತು. ನನ್ನದನ್ನು ಕೊಡಹೋದರೆ ಬೇಡವೆಂದಳು. "ಕೊಟ್ಟಿದ್ದು ಕೊಟ್ಟಾಯ್ತು."

ಅರ್ನಾಕ್ ಬಂದ ದಿನ ನಿಂತ ಮನುಷ್ಯನನ್ನೇ ದೂಡುವಂಥ ಗಾಳಿ. ವಿಮಾನ ನಿಲ್ದಾಣದ ಕಟ್ಟಡದೊಳಗೆ ಅಮ್ಮ ಹೊಸ ಕೋಟನ್ನು ತನ್ನ ಕೋಟಿನ ಒಳಗೆ ಬೆಚ್ಚಗೆ ಇಟ್ಟುಕೊಂಡು ನಿಂತಿದ್ದಳು. ವಿಮಾನ ಇಳಿದದ್ದೇ ಅಕ್ಸಾಯುಕ್ ಅದನ್ನು ಇಸಕೊಂಡು ಮೆಟ್ಟಿಲ ಕಡೆಗೆ ಓಡಿದ. ವಿಮಾನದ ಬಾಗಿಲೊಳಗೇ ಅವಳಿಗೆ ತೊಡಿಸಿ, ಮಗುವನ್ನು ಬೆನ್ನ ಚೀಲಕ್ಕಿಳಿಸಿ, ಟೊಪ್ಪಿಗೆ ಎಳೆದು, ಗಾಳಿಗೆ ತಾನು ಅಡ್ಡ ನಿಂತು ಕರೆತಂದ.

ಒಳಗೆ ಬಂದ ಅರ್ನಾಕ್ ಟೊಪ್ಪಿಗೆ ಹಿಂದಕ್ಕೆ ಸರಿಸಿದಳು. ಮಗುವಿನ ಹಣೆ ಬೆಚ್ಚಗೆ, ಬೆವರುವಷ್ಟು. ಅಮ್ಮ ಮಗುವನ್ನು ನೋಡುವ ಮೊದಲು ಹೊಲಿಗೆಯನ್ನು ನೋಡಿದಳು. ಭುಜದಿಂದ ಟೊಪ್ಪಿಗೆಯ ತುದಿಯವರೆಗೂ ಹೆಬ್ಬೆರಳು ಎಳೆದುಕೊಂಡು ಹೋದಳು.

"ಕೈ ತೋರ್ಸು," ಎಂದಳು ಅರ್ನಾಕ್.

"ಯಾಕೆ?"

ಅರ್ನಾಕ್ ಅವಳ ಕೈಯನ್ನು ಹಿಡಿದು ಎಳೆದು, ಗಂಟು ಕಟ್ಟಿದ ನಡುಬೆರಳನ್ನು ನೋಡಿ, ತುಟಿ ಕಚ್ಚಿದಳು. ಜೇಬಿನಿಂದ ಅಂಗುಸ್ತಾನ ತೆಗೆದಳು.

"ನಾನು ಕೊಟ್ಟಿದ್ದನ್ನ ನನಗೇ ವಾಪಸ್ ಕೊಡೋವಷ್ಟು ದೊಡ್ಡವಳಾದ್ಯಾ?" ನಗುತ್ತಿರಲಿಲ್ಲ ಅವಳು. ಕೋಪ ಬಂದಿತ್ತು. "ಯಾವಾಗ ಬಿಡಬೇಕು ಅಂತ ನಾನು ಹೇಳ್ತೀನಿ. ಹಾಕ್ಕೋ ಮಗಳೇ."

ನನ್ನ ಅಮ್ಮ, ಉಲಾಯುಕ್, ಬೈಸಿಕೊಂಡ ಮಗುವಿನಂತೆ ತಲೆ ತಗ್ಗಿಸಿ ಬೆರಳು ಚಾಚಿದಳು.